ನನ್ನ ಹೊಲಿಗೆ ಬಿಚ್ಚಿರಲಿಲ್ಲ

ನಿವೃತ್ತಿಗೆ ಎರಡು ವರ್ಷ ಮೊದಲು, ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ನಾನು ಪಾದ ಮತ್ತು ಕಣಕಾಲಿನ ಸರ್ಜನ್ ಆಗಿದ್ದಾಗಿನ ಕೇಸ್ ಇದು. ಸಿಂಚನಾ ಪಿಸ್ಕಾಟವೇಯ ಕಾಲೇಜಿನಲ್ಲಿ ಓದುತ್ತಿದ್ದ ಲಾಂಗ್‌ಜಂಪ್ ಆಟಗಾರ್ತಿ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅವಳ ಅಕಿಲಿಸ್ ಟೆಂಡನ್ ಏಪ್ರಿಲ್‌ನಲ್ಲಿ ಹರಿದಾಗ ನಾನೇ ಹೊಲಿದು, ಹಿಮ್ಮಡಿ ಅಲುಗದಂತೆ ಹಿಡಿದಿಡುವ ಗಟ್ಟಿ ಬೂಟ್ ಹಾಕಿಸಿದ್ದೆ. ಮರುವರ್ಷ ತಂಡಕ್ಕೆ ಮರಳಿ ಜಿಗಿಯಬೇಕೆಂಬುದೊಂದೇ ಅವಳ ಜಪ.

ಆಪರೇಷನ್ ಆದ ಒಂಬತ್ತನೇ ವಾರ, ಕನ್ನಡ ಸಂಘದ ಆಟೋಟದಲ್ಲಿ ರಿಲೇ ಓಡಲು ಹೋಗಿ ಟೆಂಡನ್ ಮತ್ತೆ ಹರಿದುಕೊಂಡಳು. ಅವಳನ್ನು ಓಟಕ್ಕೆ ಇಳಿಸಿದವರು ಸಂಘದ ಅಧ್ಯಕ್ಷ ಮುರಳೀಧರ್, ಹೃದಯದ ಡಾಕ್ಟರ್. ಎರಡು ದಿನದ ಮೇಲೆ ಸಮರ್‌ಸೆಟ್‌ನ ಒಂದು ಮನೆಯ ಊಟದಲ್ಲಿ, ನಾನು ಪಕ್ಕದ ಕೋಣೆಯಲ್ಲಿರುವುದು ತಿಳಿಯದೆ ಅವರು ಹೇಳುತ್ತಿದ್ದರು: "ಹೊಲಿಗೆ ಲೂಸ್ ಇತ್ತು ಕಣ್ರೀ. ಮ್ಯಾನ್‌ಹಟನ್‌ನಲ್ಲಿ ಮಾಡಿಸ್ಬೇಕಿತ್ತು."

ಮೈಯೆಲ್ಲ ಉರಿದುಹೋಯಿತು. ಎದೆಯ ಡಾಕ್ಟರಿಗೆ ಹಿಮ್ಮಡಿಯ ಉಸಾಬರಿ ಏಕೆ? ಆ ಮನುಷ್ಯನಿಗೆ ಎಲ್ಲರೆದುರು ಮುಖಭಂಗ ಮಾಡಿಯೇ ತೀರುತ್ತೇನೆಂದು ನಿರ್ಧರಿಸಿದೆ.

ಮರುವಾರ ಎರಡನೇ ಆಪರೇಷನ್. ಕಾಲು ತೆರೆದು ನೋಡಿದರೆ ನನ್ನ ಗಂಟುಗಳು ಹಾಕಿದಲ್ಲೇ ಬಿಗಿಯಾಗಿ ಕೂತಿದ್ದವು. ಅವುಗಳ ಮೇಲ್ಗಡೆ, ಇನ್ನೂ ಬಲಿಯದ ಟೆಂಡನ್ ನಾರುನಾರಾಗಿತ್ತು. ನಿಜ ಹೇಳುತ್ತೇನೆ, ಹುಡುಗಿಯ ಹರಿದ ಕಾಲು ಎದುರಿಗಿದ್ದಾಗ ನನಗೆ ಮೊದಲು ಆದದ್ದು ಖುಷಿ. ದಾಖಲೆಗೆಂದು ಒಂದು ಸಾಲುವ ಕಡೆ ನಾಲ್ಕು ಫೋಟೊ ತೆಗೆಸಿದೆ. ಕೆಟ್ಟ ಭಾಗ ಕತ್ತರಿಸಿದ ಮೇಲೆ ಐದು ಸೆಂಟಿಮೀಟರ್ ಅಂತರ ಉಳಿಯಿತು. ಮೇಲಿನ ಭಾಗವನ್ನು 'ವಿ' ಆಕಾರದಲ್ಲಿ ಕೊಯ್ದು, ಕೆಳಗೆ ಜಾರಿಸಿ, ತುದಿಗಳನ್ನು ಕೂಡಿಸಿ ಹೊಲಿದೆ. ಇದಕ್ಕೆ ವಿ-ವೈ ವಿಧಾನ ಎನ್ನುತ್ತಾರೆ.

ತಾಯಿಯೊಂದಿಗೆ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದಾಗ ಸಿಂಚನಾಳಿಗೆ ಫೋಟೊ ತೋರಿಸಿ, ಟೆಂಡನ್ ಬಲಿಯುವ ಮೊದಲೇ ಓಡಿಸಿದ್ದರಿಂದ ಹರಿದದ್ದು ಎಂದು ಹೇಳಿ, ಮುರಳೀಧರ್ ಅವರಿಗೂ ತೋರಿಸಲು ಅನುಮತಿ ಕೇಳಿದೆ. ಅವಳು ತಾಯಿಯ ಮುಖ ನೋಡಿ ನನ್ನತ್ತ ತಿರುಗಿದಳು. "ಬಟ್ ಆಂಟಿ, ಯು ಸೆಡ್ ಇಟ್ ವಾಸ್ ಓಕೆ."

"ನಾನ್ ಯಾವಾಗ ಹೇಳಿದೆ?"

ತಾಯಿ ಮೆಲ್ಲಗೆ ಅಂದರು: "ಸತ್ಯನಾರಾಯಣ ಪೂಜಾದಾಗ ಕೇಳಿದ್ನೆಲ್ರಿ ಡಾಕ್ಟರ್, ಬೂಟ್ ತಗೀಬಹುದೇನು ಅಂತ. 'ತಗೀರಿ, ಏನಾಗೂದಿಲ್ಲ' ಅಂದ್ರಿ. ಅದನ್ನ ಮುರಳೀಧರ್ ಅವ್ರಿಗೂ ಹೇಳಿದ್ವಿ."

ಹೇಳಿದ್ದು ನಿಜ. ಕೈಯಲ್ಲಿ ಪ್ರಸಾದದ ತಟ್ಟೆ ಹಿಡಿದು, ಇನ್ಯಾರೊಂದಿಗೋ ನಗುತ್ತಾ ಹೇಳಿದ್ದೆ. ಮನೆಯೊಳಗೆ ನಡೆಯಲು ಮಾತ್ರ ಎಂದು ನನ್ನ ಮನಸ್ಸಿನಲ್ಲಿತ್ತು, ಬಾಯಲ್ಲಿ ಬರಲಿಲ್ಲ. ಚಾರ್ಟ್‌ನಲ್ಲೂ ಬರೆದಿರಲಿಲ್ಲ. ಅಂದೇ ಆ ಫೋಟೊಗಳ ಕೆಳಗೆ ಅಷ್ಟನ್ನೂ ಬರೆದು ಸಹಿ ಹಾಕಿದೆ.

ವರ್ಷದ ಮೇಲೆ ಸಿಂಚನಾ ಓಡಿದಳು. ಜಿಗಿಯುವ ಬಲ ಮಾತ್ರ ಆ ಕಾಲಿಗೆ ಮರಳಲಿಲ್ಲ, ತಂಡ ಬಿಟ್ಟಳು. ಮುರಳೀಧರ್ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ಆದರೆ ಅದನ್ನು ತೀರಿಸಿಕೊಳ್ಳುವ ಮುಖ ನನಗಿಲ್ಲ. ಈಗ ಪೂಜೆ, ಮದುವೆಗಳಲ್ಲಿ ಯಾರಾದರೂ ಮಂಡಿನೋವು ಎಂದು ಬಂದರೆ ಕ್ಲಿನಿಕ್‌ಗೆ ಹೋಗಿ ಎನ್ನುತ್ತೇನೆ. ನನಗೆ ಸೊಕ್ಕು ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.