ಕುರ್ಚಿಯಲ್ಲಿ ಕೂರಲು ಸಹಾಯ ಬೇಕು

ಸಿಗ್ನೆಯ ಫೋಟೋ ಸ್ಟುಡಿಯೋ ಇದ್ದದ್ದು ಡೆನ್ಮಾರ್ಕಿನ ಲೆಮ್ವಿಗ್ ಬಂದರಿನಲ್ಲಿ, ಹಿಂದೆ ಮೀನಿನ ಬಲೆಗಳನ್ನು ಒಣಗಿಸುತ್ತಿದ್ದ ಗೋದಾಮಿನ ಮಹಡಿಯ ಮೇಲೆ. ಹದಿನಾಲ್ಕು ವರ್ಷಗಳಿಂದ ಆಕೆ ಅಲ್ಲಿ ಊರಿನವರ ಮುಖಗಳನ್ನು ಹಿಡಿಯುತ್ತಿದ್ದಳು. ಶಾಲೆಯ ಮಕ್ಕಳು, ಪಾಸ್‌ಪೋರ್ಟಿಗೆ ತುಟಿ ಬಿಗಿದವರು, ವಸಂತ ಬಂತೆಂದರೆ ಚರ್ಚಿನ ದೀಕ್ಷೆಗೆ ಹೊಸ ಬಟ್ಟೆ ತೊಟ್ಟು ಮುಜುಗರಪಡುವ ಹದಿಹರೆಯದವರು. ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ಒಂದು ಫೆಬ್ರವರಿಯ ಬೆಳಿಗ್ಗೆ, ಮೂವತ್ತೊಂದನೆಯ ಮಗುವನ್ನು ನಗಿಸಲು “‘ಕಿತ್ತಳೆ ಹಣ್ಣು’ ಅನ್ನು, ಪುಟ್ಟಿ” ಎಂದು ಹೇಳುವಾಗ, ತನ್ನ ಕೈ ತನ್ನ ಪಾಡಿಗೆ ಗುಂಡಿ ಒತ್ತುತ್ತಿದೆ, ಮನಸ್ಸು ಮನೆಯಲ್ಲಿ ಆಲೂಗಡ್ಡೆ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದೆ ಎಂಬುದು ಅವಳಿಗೆ ಹೊಳೆಯಿತು. ನಾಚಿಕೆಯಾಯಿತು.

ಅಂದಿನಿಂದ ಗುರುವಾರ ಗಿರಾಕಿಗಳಿಗೆ ಬಾಗಿಲು ಮುಚ್ಚಿತು. ಆ ದಿನ ತನಗಾಗಿ, ಕೈ ಪಳಗಿಸಿಕೊಳ್ಳಲಿಕ್ಕಾಗಿ. ಓರೆ ಬೆಳಕು, ನೆರಳು, ಒದ್ದೆ ಗಾಜು, ಹೊಗೆ, ಏನು ಬೇಕಾದರೂ ಮಾಡಿ ನೋಡಬಹುದು. ಆದರೆ ನೋಡುವುದಕ್ಕೆ ಎದುರಿಗೊಂದು ಮುಖ ಬೇಕಲ್ಲ! ಮೊದಲು ಸಿಕ್ಕಿಬಿದ್ದವನು ಗಂಡ ಯೆಪ್ಪೆ.

“ಇನ್ನೂ ಎಷ್ಟು ಹೊತ್ತೇ? ಮೂಗು ತುರಿಸ್ತಿದೆ.”

“ತುರಿಸಲಿ. ಅಲ್ಲಾಡ್ಬೇಡ.”

“ಹೋದ ವಾರ ಗಾಜಿನ ಹಿಂದೆ ನಿಲ್ಸಿ ನೀರು ಚೆಲ್ದೆ. ಈ ವಾರ ತಲೆ ಮೇಲೆ ಬಲೆ. ಮುಂದಿನ ವಾರ ಏನು, ಉಪ್ಪು ಸವರಿ ಒಣಗೋಕೆ ಹಾಕ್ತೀಯಾ?”

ನಾಲ್ಕನೆಯ ಗುರುವಾರ ಯೆಪ್ಪೆಗೆ ಇದ್ದಕ್ಕಿದ್ದಂತೆ ಮಾಡಿನ ಅಂಚಿನ ಮಳೆನೀರಿನ ದೋಣಿ ಶುಚಿ ಮಾಡುವ ತುರ್ತು ಕೆಲಸ ಬಂತು. ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು. ಆದರೂ ಏಣಿ ಹತ್ತಿಯೇ ಬಿಟ್ಟ.

ಸಿಗ್ನೆ ದಿನಸಿ ಅಂಗಡಿಯ ಫಲಕದ ಮೇಲೆ, ಕಳೆದುಹೋದ ಬೆಕ್ಕಿಗೂ ಮಾರಾಟಕ್ಕಿದ್ದ ಸೈಕಲ್ಲಿಗೂ ನಡುವೆ, ಒಂದು ಕಾಗದ ಅಂಟಿಸಿದಳು: ‘ಮಾಡೆಲ್‌ಗಳು ಬೇಕಾಗಿದ್ದಾರೆ. ವಯಸ್ಸಿನ ಮಿತಿಯಿಲ್ಲ. ಚಿತ್ರ ಉಚಿತ.’ ಕೆಳಗೆ ಫೋನ್ ನಂಬರಿನ ಹನ್ನೆರಡು ಚೀಟಿಗಳು, ಹರಿದುಕೊಳ್ಳುವುದಕ್ಕೆ. ಮೂರು ವಾರ ಕಳೆಯಿತು. ಬೆಕ್ಕು ಸಿಕ್ಕಿತು, ಸೈಕಲ್ ಹೋಯಿತು. ಹನ್ನೆರಡು ಚೀಟಿಗಳೂ ಹಾಗೇ ಜೋತಾಡುತ್ತಿದ್ದವು.

ಗಲ್ಲಾದ ಹಿಂದೆ ಕೂರುವ ಬೋದಿಲ್‌ಗೆ ನೋಡಿ ನೋಡಿ ಸಾಕಾಯಿತು. “ಮಾಡೆಲ್ ಅಂತ ಬರ್ದಿದೀಯಲ್ಲೇ ಮಾರಾಯ್ತಿ! ಆ ಚೀಟಿ ಹರಿದ್ರೆ ತಾನು ಚೆಂದ ಅಂತ ತಾನೇ ಒಪ್ಕೊಂಡ ಹಾಗೆ. ನಾನು ಇಲ್ಲೇ ಕೂತು ನೋಡ್ತಿರೋವಾಗ ಯಾರಿಗಿದೆ ಅಷ್ಟು ಧೈರ್ಯ?”

“ಮತ್ತೆ ಏನಂತ ಬರೀಲಿ?”

“ಸಹಾಯ ಬೇಕು ಅಂತ ಬರಿ. ಸಹಾಯ ಕೇಳಿದ್ರೆ ಆಗಲ್ಲ ಅನ್ನೋಕೆ ಈ ಊರಲ್ಲಿ ಯಾರಿಗೂ ಬಾಯಿ ಬರಲ್ಲ.”

ಸಿಗ್ನೆ ಅಲ್ಲೇ ನಿಂತು ಹೊಸ ಕಾಗದ ಬರೆದಳು: ‘ಸಹಾಯ ಬೇಕು. ಒಂದು ಗಂಟೆ ಕುರ್ಚಿಯಲ್ಲಿ ಕೂರಬೇಕು. ಕಾಫಿ, ಕೇಕು ಕೊಡಲಾಗುವುದು.’ ಶನಿವಾರ ಮಧ್ಯಾಹ್ನದೊಳಗೆ ಒಂಬತ್ತು ಚೀಟಿಗಳು ಮಾಯ.

ಮೊದಲು ಬಂದವನು ನಲ್ಲಿ ರಿಪೇರಿಯ ವಿಗ್ಗೊ. ಕೈಯಲ್ಲಿ ಉಪಕರಣಗಳ ಚೀಲ. ಕಾಗದದಲ್ಲಿ ‘ಸಹಾಯ’, ‘ಕುರ್ಚಿ’ ಎಂಬಷ್ಟನ್ನೇ ಓದಿ, ಕುರ್ಚಿ ಮುರಿದಿದೆ ಎಂದುಕೊಂಡು ಬಂದಿದ್ದ. ಅವನು ನೋಡಿದಾಗ ಅದರ ಒಂದು ಕಾಲು ನಿಜಕ್ಕೂ ಅಲ್ಲಾಡುತ್ತಿತ್ತು. ಸರಿಮಾಡಿ, ಸರಿಯಾಗಿದೆಯೇ ಎಂದು ಕೂತು ಪರೀಕ್ಷಿಸುತ್ತಿದ್ದಾಗ ಸಿಗ್ನೆ ಅವನದೊಂದು ಚಿತ್ರ ಹೊಡೆದಳು. ಕಿಟಕಿಯ ಬೆಳಕು ಅವನ ದಪ್ಪ ಬೆರಳುಗಳ ಮೇಲೆ ಬಿದ್ದಿತ್ತು. ಆ ಹೊತ್ತಿನಲ್ಲಿ ಅವಳಿಗೆ ಆಲೂಗಡ್ಡೆಯ ನೆನಪೇ ಬರಲಿಲ್ಲ.

ಮರುವಾರ ಮೆಟ್ಟಿಲಲ್ಲಿ ನಿಧಾನದ ಹೆಜ್ಜೆ ಕೇಳಿಸಿತು. ಬಂದವನು ಎನೆವೋಲ್, ಊರಿನ ಶವಸಂಸ್ಕಾರದ ಕೆಲಸ ನಡೆಸುವವನು. ಅರವತ್ತಾರು ವರ್ಷ, ಗಳುವಿನಂಥ ಎತ್ತರದ ಆಳು, ಉದ್ದ ಮುಖ, ಕರೀ ಕೋಟು. ಅವನು ಬೇಕರಿಯೊಳಗೆ ಕಾಲಿಟ್ಟರೆ ನಗುತ್ತಿದ್ದವರು ನಗು ನುಂಗಿ ಬ್ರೆಡ್ಡು ನೋಡತೊಡಗುತ್ತಿದ್ದರು. ಪಾದ್ರಿಗೂ ‘ನೀನು’ ಎನ್ನುವ ಊರದು. ಆದರೂ ಇವನ ಮುಂದೆ ಸಿಗ್ನೆಯ ದನಿ ತಾನಾಗಿ ತಗ್ಗಿತು.

“ನೀನು... ನೀನೂ ಕೂರೋಕೆ ಬಂದ್ಯಾ?”

“ಹೂಂ. ತೀರ್ಕೊಂಡವರ ಫೋಟೋ ಅಂತ ಮನೆಯವರು ಎಂಥದ್ದು ತಂದ್ಕೊಡ್ತಾರೆ ಗೊತ್ತಾ? ಯಾರ್ದೋ ಮದುವೇಲಿ ತೆಗ್ದು ಕತ್ತರಿಸಿದ್ದು. ಭುಜದ ಮೇಲೆ ಇನ್ಯಾರದೋ ಕೈ. ನಂದು ಹಾಗಾಗ್ಬಾರ್ದು.”

“ಅಯ್ಯೋ, ನಿಂಗೇನು ಅಷ್ಟು ಅವಸರ?”

“ಅವಸರ ಏನಿಲ್ಲ. ಗುರುವಾರ ಬಿಡುವಿತ್ತು.”

ಸಿಗ್ನೆ ಅಂದು ಗೋಧಿ ಹಿಟ್ಟು ತಂದಿಟ್ಟುಕೊಂಡಿದ್ದಳು. ಕಪ್ಪು ಪರದೆಯ ಮುಂದೆ ಹಿಟ್ಟು ತೂರಿ, ಅದು ಬೆಳಕಿನಲ್ಲಿ ತೇಲುವಾಗ ಚಿತ್ರ ಹಿಡಿಯಬೇಕೆಂಬ ಆಸೆ. ಇವನನ್ನು ಹೇಗೆ ಕೇಳುವುದೆಂದು ಅನುಮಾನಿಸುತ್ತಲೇ ಕೇಳಿದಳು. ಎನೆವೋಲ್ ಸ್ವಲ್ಪ ಯೋಚಿಸಿ, ಕೋಟಿನ ಗುಂಡಿ ಹಾಕಿಕೊಂಡು, ಕಣ್ಣು ಮುಚ್ಚಿ, “ತೂರು” ಎಂದ.

ಮೊದಲ ಹಿಡಿಗೆ ಕೆಮ್ಮಿದ. ಎರಡನೆಯದು ಹೆಗಲಿಗೆ ಬಿತ್ತು. ಆರನೆಯದಕ್ಕೆ ಅವನಿಗೆ ಗೋದಾಮು ಅದುರುವಂಥ ಸೀನು ಬಂತು, ತನ್ನ ಸೀನಿಗೆ ತಾನೇ ಬೆಚ್ಚಿ ಹೋ ಎಂದು ನಕ್ಕುಬಿಟ್ಟ. ಅವನಿಗೆ ಅಷ್ಟೊಂದು ಹಲ್ಲುಗಳಿವೆಯೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿಗ್ನೆ ಗುಂಡಿ ಒತ್ತಿದಳು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಪಾದ್ರಿ. ಕಳೆದ ವಾರ ಗಂಡನನ್ನು ಕಳೆದುಕೊಂಡ ಗುಡ್ರುನ್ ಎಂಬಾಕೆಯ ಮನೆಯಲ್ಲಿ ಅಂತ್ಯಸಂಸ್ಕಾರದ ಮಾತುಕತೆಗೆ ಎಲ್ಲರೂ ಕಾಯುತ್ತಿದ್ದಾರಂತೆ. ಎನೆವೋಲ್ ಆ ಭೇಟಿ ಶುಕ್ರವಾರಕ್ಕೆಂದು ತಿಳಿದಿದ್ದ. ಸಿಗ್ನೆ ಗಾಬರಿಯಿಂದ ಒದ್ದೆ ಬಟ್ಟೆ ತಂದು ಒರೆಸಿದಳು. ಹಿಟ್ಟು ಅಂಟಾಯಿತು.

“ನನ್ನಿಂದ ನಿನ್ನ ಮಾನ ಹೋಯ್ತು ಎನೆವೋಲ್!”

“ಮಾನದ ಮಾತು ಆಮೇಲೆ. ಮೊದ್ಲು ಹುಬ್ಬು ಒರ್ಸು.” ಹಾಗೆಂದವನು ಒರೆಸಿ ಮುಗಿಯುವ ಮೊದಲೇ ಮೆಟ್ಟಿಲಿಳಿದು ಓಡಿದ.

ಮರುದಿನ ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲಿ ನಿಂತವಳು ಸ್ವತಃ ಗುಡ್ರುನ್. ಎಪ್ಪತ್ತರ ಹೆಂಗಸು, ಕೆಂಪು ಉಣ್ಣೆ ಟೋಪಿ. ಸಿಗ್ನೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. “ತಪ್ಪು ನಂದು, ಅವನ್ದಲ್ಲ...”

“ಸುಮ್ನಿರು, ಮೊದ್ಲು ಕೇಳು. ಕಾಫಿ ಕೈಯಲ್ಲಿ ಹಿಡ್ಕೊಂಡೇ ಬಾಗ್ಲು ತೆಗ್ದೆ, ಎನೆವೋಲ್ ನಿಂತಿದ್ದ. ಮುಖದ ತುಂಬ ದುಃಖ, ತಲೆ ತುಂಬ ಹಿಟ್ಟು, ಕಿವಿ ಹತ್ರ ಒಂದು ಉಂಡೆ! ‘ನಿನ್ನ ದುಃಖದಲ್ಲಿ ನಾನೂ ಭಾಗಿ’ ಅಂತ ಬಗ್ಗಿದ ನೋಡು, ಆ ಉಂಡೆ ನನ್ನ ಕಾಫಿಗೇ ಬಿತ್ತು. ನಕ್ಕೆ ಕಣೇ. ಪಾದ್ರಿ ಎದುರಿಗೇ ನಕ್ಕೆ. ಐದು ದಿನದಿಂದ ತುತ್ತು ಇಳಿದಿರ್ಲಿಲ್ಲ, ನಕ್ಕ ಮೇಲೆ ಹಸಿವಾಯ್ತು.”

ಆಮೇಲೆ ಗುಡ್ರುನ್ ಟೋಪಿ ತೆಗೆದು ಕೂದಲು ಸವರಿಕೊಂಡಳು.

“ನನ್ನ ಗಂಡನ ಫೋಟೋ ಹುಡ್ಕೋಕೆ ಆಲ್ಬಮ್ ಎಲ್ಲಾ ತೆಗ್ದೆ. ನಮ್ಮನೇಲಿ ಕ್ಯಾಮೆರಾ ನನ್ನ ಕೈಯಲ್ಲೇ ಇರ್ತಿತ್ತು. ನಲ್ವತ್ನಾಲ್ಕು ವರ್ಷ, ಪುಟಪುಟಕ್ಕೂ ಅವನಿದಾನೆ. ನಾನು ಒಂದೇ ಒಂದ್ರಲ್ಲಿ ಇದೀನಿ, ಮರಳ ಮೇಲೆ ನೆರಳಾಗಿ. ನನ್ನನ್ನ ಕೂರ್ಸು.”

ಶುಕ್ರವಾರ ಗಿರಾಕಿಗಳ ದಿನ. ಸಿಗ್ನೆ ಬಾಗಿಲು ಹಾಕಿದಳು.

ಗುಡ್ರುನ್ ಕೂತದ್ದೇನೋ ಕೂತಳು, ಬಾಯಿ ಮಾತ್ರ ಕೂರಲಿಲ್ಲ. “ಪರದೆ ಒಂದು ಗೇಣು ಸರ್ಸು. ಬೆಳಕು ಕೆನ್ನೆಗೆ ಬಡೀತಿದೆ. ಇನ್ನೂ ಕೆಳಗಿಂದ ನೋಡು.” ಸಿಗ್ನೆಗೆ ಮೊದಲು ಸಿಟ್ಟು ಬಂತು. ಪರದೆ ಸರಿಸಿ ನೋಡಿದರೆ ಮುದುಕಿಯ ಮಾತೇ ಸರಿ. ಗಂಟೆ ಕಳೆದ ಮೇಲೆ ಗುಡ್ರುನ್ ಎದ್ದು ಕ್ಯಾಮೆರಾಕ್ಕೆ ಕೈ ಚಾಚಿದಳು.

“ನಿಂದು ಯಾರು ತೆಗೀತಾರೆ?”

ಸಿಗ್ನೆ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟಳು.

ಕುರ್ಚಿಯಲ್ಲಿ ಕೂತಾಗ ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಮಂಡಿಯ ಮೇಲಿಟ್ಟರೆ ಶಾಲೆಯ ಹುಡುಗಿ, ಕಟ್ಟಿಕೊಂಡರೆ ಜಗಳಗಂಟಿ. ಹದಿನಾಲ್ಕು ವರ್ಷ ಎಲ್ಲರಿಗೂ “ಸಹಜವಾಗಿ ಕೂತ್ಕೋ” ಎಂದು ಹೇಳುತ್ತ ಬಂದಿದ್ದಳು, ಅದೆಂಥ ಕ್ರೂರ ಮಾತೆಂದು ಈಗ ತಿಳಿಯಿತು.

“ಹಲ್ಲುನೋವಿನವಳ ಹಾಗೆ ಕೂತಿದೀಯಲ್ಲೇ!” ಎಂದಳು ಗುಡ್ರುನ್. ಸಿಗ್ನೆಗೆ ನಗು ಬಂತು. ಕ್ಲಿಕ್.

ಜೂನ್ ತಿಂಗಳಲ್ಲಿ ಗ್ರಂಥಾಲಯದ ಪಡಸಾಲೆಯಲ್ಲಿ ಹದಿನಾರು ಚಿತ್ರಗಳು ತೂಗಿದವು. ಬಾಗಿಲಿಗೆ ಎದುರಾಗಿ ಹಿಟ್ಟಿನ ಮೋಡದೊಳಗೆ ನಗುವ ಎನೆವೋಲ್. ಜನ ಅದರ ಮುಂದೆ ನಿಂತು ನಗುತ್ತಿದ್ದರು, ಅವನು ಪಕ್ಕದಲ್ಲೇ ನಿಂತಿದ್ದರೂ ಯಾರೂ ದನಿ ತಗ್ಗಿಸಲಿಲ್ಲ. ಕೊನೆಯ ಚಿತ್ರ ಗುಡ್ರುನ್ ತೆಗೆದದ್ದು. ಅದು ಕೊಂಚ ಓರೆಯಾಗಿತ್ತು. ಸಿಗ್ನೆಯ ಎಡಗಿವಿ ಚೌಕಟ್ಟಿನ ಆಚೆ ಉಳಿದಿತ್ತು. ನೇರ ಮಾಡಿ ಕತ್ತರಿಸೋಣವೇ ಎಂದು ಗ್ರಂಥಾಲಯದವರು ಕೇಳಿದಾಗ, ಸಿಗ್ನೆ ಬೇಡವೆಂದಳು.