ಮುದ್ದೇಬಿಹಾಳ ಬಸ್ಸಿನಲ್ಲಿ ಕ್ರಿಸ್ಮಸ್

ಸುವರ್ಣಾ ಮದುವೆಯಾಗಿ ಇಂಡಿಗೆ ಬಂದದ್ದು ಜೂನ್ ತಿಂಗಳಲ್ಲಿ. ಡಿಸೆಂಬರ್ ಬರುವವರೆಗೂ ಗಂಡನ ಕೆಲಸದ ಬಗ್ಗೆ ಅವಳಿಗೆ ಯಾವ ತಕರಾರೂ ಇರಲಿಲ್ಲ. ದೇವಪುತ್ರ ಸರಕಾರಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಆರೂವರೆಗೆ ಇಂಡಿ ಬಿಟ್ಟು ಸಿಂದಗಿ, ಬಸವನ ಬಾಗೇವಾಡಿ, ನಿಡಗುಂದಿ ಹಾಯ್ದು ಮುದ್ದೇಬಿಹಾಳ ಮುಟ್ಟಿ, ಅದೇ ದಾರಿಯಲ್ಲಿ ಸಂಜೆಗೆ ತಿರುಗಿ ಬರುವ ಬಸ್ಸು ಅವನದು. ಡಿಸೆಂಬರ್ ಎಂದರೆ ಶಾಲೆಯ ಮಕ್ಕಳ ಪ್ರವಾಸದ ತಿಂಗಳು. ಡಿಪೋದ ಅರ್ಧ ಬಸ್ಸುಗಳು ಬಾದಾಮಿ, ಹಂಪಿ, ಗೋಕರ್ಣ ಎಂದು ಮಕ್ಕಳನ್ನು ತುಂಬಿಕೊಂಡು ಹೋಗಿಬಿಡುತ್ತವೆ. ಉಳಿದ ಬಸ್ಸುಗಳನ್ನು ಉಳಿದ ಮಂದಿಯೇ ಓಡಿಸಬೇಕು. ಕ್ರಿಸ್ಮಸ್ಸಿಗೆ ರಜೆ ಕೇಳಿದರೆ, "ಹೊಸಾ ವರ್ಷ ಆಗಲಿ, ನೋಡೂಣು" ಎನ್ನುವ ಉತ್ತರ ಪ್ರತಿವರ್ಷ ಬರುತ್ತಿತ್ತು.

ಮೊದಮೊದಲು ಇದು ಅವಳಿಗೆ ಅಷ್ಟು ತಟ್ಟಲಿಲ್ಲ, ಏಕೆಂದರೆ ಹೋಗಲು ತವರುಮನೆ ಇತ್ತು. ವಿಜಯಪುರದಲ್ಲಿ ಚರ್ಚಿನ ಕಂಪೌಂಡಿನೊಳಗೆ ಹನ್ನೊಂದು ಮನೆಗಳಿದ್ದವು; ಅದರಲ್ಲೊಂದು ಅವರದು. ಡಿಸೆಂಬರ್ ಇಪ್ಪತ್ತು ದಾಟಿತೆಂದರೆ ಹನ್ನೊಂದು ಮನೆಯ ಹೆಂಗಸರು ಅವಳ ಅವ್ವನ ಪಡಸಾಲೆಯಲ್ಲಿ ಸೇರಿ ಕರ್ಚಿಕಾಯಿ ತುಂಬುವರು, ಚಕ್ಕಲಿ ಒತ್ತುವರು. ಹಬ್ಬದ ದಿನ ಅಂಗಳದಲ್ಲಿ ಉದ್ದಕ್ಕೆ ಜಮಖಾನೆ ಹಾಸಿ ಎಲ್ಲರಿಗೂ ಒಂದೇ ಪಂಕ್ತಿ. ಸುವರ್ಣಾ ಮಗಳು ಕರುಣಾಳನ್ನೂ, ಆಮೇಲೆ ಹುಟ್ಟಿದ ದಾವೀದನನ್ನೂ ಕಟ್ಟಿಕೊಂಡು ಪ್ರತಿವರ್ಷ ಅಲ್ಲಿಗೆ ಹೋಗುತ್ತಿದ್ದಳು. ದೇವಪುತ್ರ ಡ್ಯೂಟಿ ಮುಗಿಸಿ ಮರುದಿನ ಬಂದು ಉಳಿದದ್ದನ್ನು ತಿನ್ನುತ್ತಿದ್ದ.

ಕೊರೋನಾದ ಎರಡನೆಯ ವರ್ಷ ಅವ್ವ ತೀರಿಕೊಂಡಳು. ತಮ್ಮ ಹುಬ್ಬಳ್ಳಿಗೆ ಹೋದ. ಕಂಪೌಂಡಿನ ಬೇರೆ ಮನೆಯವರೂ ಒಬ್ಬೊಬ್ಬರಾಗಿ ಚದುರಿದರು. ಆ ಡಿಸೆಂಬರಿನಲ್ಲಿ ಸುವರ್ಣಾ ಮೊದಲ ಸಲ ಇಂಡಿಯಲ್ಲೇ ಉಳಿದಳು. ಬಾಡಿಗೆ ಮನೆಯ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿದಳು, ಕರ್ಚಿಕಾಯಿ ಮಾಡಿದಳು. ಅವಳಿಗೆ ಗೊತ್ತಿದ್ದದ್ದು ಅವ್ವನ ಅಳತೆ, ಅದು ಹನ್ನೊಂದು ಮನೆಯ ಅಳತೆ. ಕಡಿಮೆ ಮಾಡಬೇಕೆಂದು ಕೂತರೂ ಹಿಟ್ಟು ಕಲೆಸುವ ಕೈ ಕೇಳಲಿಲ್ಲ. ಚರ್ಚಿನಿಂದ ಬಂದು ಮೂವರೂ ಊಟ ಮಾಡಿ ಎದ್ದಾಗ ಮಧ್ಯಾಹ್ನ ಒಂದೂವರೆ. ದೊಡ್ಡ ಡಬ್ಬಿಯ ತುಂಬ ತಿನಿಸು ಹಾಗೇ ಇತ್ತು. ದಾವೀದ ಕೈ ಒರೆಸಿಕೊಳ್ಳುತ್ತ, "ಮಮ್ಮಿ, ಹಬ್ಬ ಮುಗೀತೇನು?" ಎಂದು ಕೇಳಿದ.

ಅವನು ಬೇಸರದಿಂದ ಕೇಳಿರಲಿಲ್ಲ. ಮುಗಿದಿದ್ದರೆ ಆಡಲು ಹೋಗೋಣವೆಂದು ಕೇಳಿದ್ದ, ಅಷ್ಟೇ. ಸುವರ್ಣಾ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಮನೆಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿದು ಕೊಡುವುದು ಅವಳ ಕೆಲಸ. ಹಬ್ಬದ ದಿನ ಹೊಲಿಯಬಾರದೆಂದು ಅವ್ವ ಹೇಳುತ್ತಿದ್ದಳು. ಅವತ್ತು ಸುವರ್ಣಾ ಸಂಜೆಯವರೆಗೆ ನಾಲ್ಕು ಅಂಗಿ ಹೊಲಿದಳು.

ಮುಂದಿನ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಡಿಸೆಂಬರ್ ನಡುವಿನ ಒಂದು ಸಂಜೆ ದೇವಪುತ್ರ ಮತ್ತೆ ರಜೆ ಇಲ್ಲವೆಂಬ ಸುದ್ದಿ ತಂದ. ಹತ್ತು ವರ್ಷದ ಕರುಣಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು.

"ಪಪ್ಪಾ, ಕ್ರಿಸ್ಮಸ್ ದಿನಾ ನಿಮ್ಮ ಬಸ್ಸು ಖಾಲಿ ಇರ್ತೈತೇನು?"

"ಖಾಲಿ ಎಲ್ಲಿದು. ಇದ್ದ ಬಸ್ ಕಡಿಮಿ, ಮಂದಿ ನಿಂತ ಬರ್ತಾರ."

"ಹಂಗಾದ್ರ ನಾವೂ ಬರ್ತೇವಿ. ನೀವು ಮನಿಗಿ ಬರಾಕ ಆಗಂಗಿಲ್ಲಲ್ಲ, ನಾವ ನಿಮ್ಮ ಬಸ್ಸಿಗಿ ಬರ್ತೇವಿ."

ದೇವಪುತ್ರ ನಕ್ಕು, ಆಮೇಲೆ ಗಂಭೀರನಾದ. "ಡ್ಯೂಟಿ ಮ್ಯಾಲ ಮನಿ ಮಂದೀನ ಕರ್ಕೊಂಡು ತಿರುಗೂದು ಚಂದ ಕಾಣಂಗಿಲ್ಲವ್ವ."

"ನಾವು ಟಿಕೀಟ್ ತಗೋತೇವಿ. ಟಿಕೀಟ್ ತಗೊಂಡ ಮ್ಯಾಲ ನಾವು ಪ್ಯಾಸೆಂಜರ್. ಬ್ಯಾಡ ಅನ್ನಾಕ ನಿಮ್ಗ ಬರಂಗಿಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸುವರ್ಣಾಳಿಗೆ ಆ ಕ್ಷಣ ಹೊಳೆದದ್ದು ಬಸ್ಸಿನ ಸೀಟುಗಳು. ಐವತ್ತಕ್ಕೂ ಹೆಚ್ಚು ಮಂದಿ. ಅವ್ವನ ಅಳತೆಗೆ ಸರಿಯಾಗಿ ತಿನ್ನುವವರು.

ಹಬ್ಬದ ದಿನ ನಸುಕಿನಲ್ಲೆದ್ದು ಮೂವರೂ ಮನೆಯಲ್ಲೇ ಪ್ರಾರ್ಥನೆ ಮಾಡಿ, ಹೊಸ ಬಟ್ಟೆ ತೊಟ್ಟು, ಎರಡು ಸ್ಟೀಲ್ ಡಬ್ಬಿ ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ಬಂದರು. ಡ್ರೈವರ್ ಮಹಮ್ಮದಹನೀಫ ದೇವಪುತ್ರನ ಜೊತೆ ಎಂಟು ವರ್ಷದಿಂದ ಅದೇ ರೂಟಿನಲ್ಲಿದ್ದವನು. ದಾವೀದನ ಕೈಯಲ್ಲಿದ್ದ ಕಾಗದದ ನಕ್ಷತ್ರ ನೋಡಿ, "ಕೊಡಿಲ್ಲೆ" ಎಂದು ತೆಗೆದುಕೊಂಡು ಮುಂದಿನ ಗಾಜಿನ ಒಳಗೆ ತಾನೇ ಕಟ್ಟಿದ. "ಹಬ್ಬದ ದಿನಾ ನಮ್ಮ ಗಾಡಿಯೊಳಗ ಕುಂತೀರಿ ಅಂದ್ರ ನಮಗೂ ಹಬ್ಬ ಆತ್ರಿ ಅಕ್ಕಾರ" ಎಂದು ಸುವರ್ಣಾಳಿಗೆ ಹೇಳಿದ.

ಆದರೆ ಬಸ್ಸು ಹೊರಟ ಮೇಲೆ ಸುವರ್ಣಾ ನೆನೆಸಿದಂತೇನೂ ಆಗಲಿಲ್ಲ. ಮಕ್ಕಳು ಕಾಗದದ ತಟ್ಟೆಯಲ್ಲಿ ಕರ್ಚಿಕಾಯಿ, ಚಕ್ಕಲಿ ಹಿಡಿದು ಸೀಟಿನಿಂದ ಸೀಟಿಗೆ ಹೋದರೆ ಜನ ಕೈ ಮುಂದೆ ಮಾಡಲಿಲ್ಲ. ಒಬ್ಬ ಬೆಲೆ ಎಷ್ಟೆಂದು ಕೇಳಿದ. ಇನ್ನೊಬ್ಬ, "ಏನರೆ ಪ್ರಚಾರ ಮಾಡಾಕತ್ತೀರೇನು?" ಎಂದು ಸಂಶಯದಿಂದ ನೋಡಿದ. ಕರುಣಾಳ ಮುಖ ಸಣ್ಣದಾಯಿತು. ಟಿಕೆಟ್ ಕೊಡುತ್ತಿದ್ದ ದೇವಪುತ್ರ ಇದನ್ನೆಲ್ಲ ಕಂಡು ಹಿಂದಿನ ಸೀಟುಗಳ ಕಡೆ ಸರಿದ. ಸುವರ್ಣಾಳಿಗೆ ಸಿಂದಗಿಯಲ್ಲಿ ಇಳಿದು ತಿರುಗಿ ಹೋಗಿಬಿಡೋಣ ಅನ್ನಿಸಿತು.

ಸಿಂದಗಿಯಲ್ಲಿ ಚಂದವ್ವ ಎಂಬ ಮುದುಕಿ ಹತ್ತಿದಳು. ಬಾಗೇವಾಡಿ ಹತ್ತಿರದ ಇಂಗಳೇಶ್ವರದವಳು, ಮಗಳ ಮನೆಯಲ್ಲಿ ಎಳ್ಳ ಅಮಾಸಿಯ ಹಬ್ಬ ಮುಗಿಸಿಕೊಂಡು ದೊಡ್ಡ ಬುತ್ತಿಗಂಟಿನೊಂದಿಗೆ ಊರಿಗೆ ಹೊರಟಿದ್ದಳು. ದಾವೀದ ತಟ್ಟೆ ಚಾಚಿದ. ಅವಳು ಏನು, ಎತ್ತ ಎಂದು ಕೇಳದೆ ಒಂದು ಚಕ್ಕಲಿ ತೆಗೆದುಕೊಂಡು ಉಳಿದ ಹಲ್ಲುಗಳಿಂದ ಕಡಿದು ನೋಡಿದಳು.

"ಉಪ್ಪು ಒಂಚೂರು ಮುಂದಾಗೈತಿ. ಯಾರು ಮಾಡ್ಯಾರ?"

"ನಮ್ಮ ಮಮ್ಮಿ."

"ಇನ್ನೊಂದು ಕೊಡು. ಉಪ್ಪಾದ್ರೂ ಗರಿಗರಿ ಐತಿ."

ಅಕ್ಕಪಕ್ಕದವರು ನಕ್ಕರು. ಬೆಲೆ ಕೇಳಿದವನೇ ಮೊದಲು ಕೈ ಚಾಚಿದ. ದೇವರ ಹಿಪ್ಪರಗಿ ಬರುವಷ್ಟರಲ್ಲಿ ಒಂದು ಡಬ್ಬಿ ಖಾಲಿಯಾಗಿತ್ತು.

ಹಿಪ್ಪರಗಿ ದಾಟಿ ಬಾಗೇವಾಡಿಯ ಕಡೆ ಅರ್ಧ ದಾರಿ ಬಂದಾಗ ಹಿಂದಿನ ಟೈರು ಒಡೆಯಿತು. ಹನೀಫ ಬಸ್ಸನ್ನು ಹುಷಾರಾಗಿ ಪಕ್ಕಕ್ಕೆ ಇಳಿಸಿದ. ರಸ್ತೆಯಂಚಿನದು ಕರಿಮಣ್ಣು, ಜಾಕು ಹಚ್ಚಿದರೆ ಹೂತುಹೋಗುತ್ತಿತ್ತು. ಒಂದು ತಾಸಾದರೂ ಬೇಕೆಂದು ಗೊತ್ತಾದ ಮೇಲೆ ಎಲ್ಲರೂ ಇಳಿದು ಬೇವಿನ ಮರದ ಕೆಳಗೆ ಕುಳಿತರು. ಹಿಂದೆ ತೊಗರಿ, ಅದರಾಚೆ ಕಡಲೆ ಹೊಲ. ಬಸ್ಸು ನಿಂತದ್ದನ್ನು ಕಂಡು ಹೊಲದ ರೈತ ಬಂದ. ಸೋಮನಿಂಗ ಎಂದು ಹೆಸರು. ಜಾಕಿನ ಕೆಳಗಿಡಲು ಒಂದು ಚಪ್ಪಟೆ ಕಲ್ಲು ಹುಡುಕಿ ತಂದುಕೊಟ್ಟ. ಹೆಂಗಸರು ಮಕ್ಕಳು ಕುಳಿತಿದ್ದನ್ನು ನೋಡಿ, ತಿರುಗಿ ಹೋಗಿ ಒಂದು ತೆಕ್ಕೆ ಹಸಿ ಕಡಲೆಗಿಡ ಕಿತ್ತು ತಂದು ನಡುವೆ ಹಾಕಿದ.

ಚಂದವ್ವ ಬುತ್ತಿ ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕಡುಬು. ಸುವರ್ಣಾ ಎರಡನೆಯ ಡಬ್ಬಿ ತೆಗೆದಳು. ಬೇರೆಯವರ ಚೀಲಗಳಿಂದಲೂ ಏನೇನೋ ಹೊರಬಂತು. ಯಾರೂ ಜಮಖಾನೆ ಹಾಸದಿದ್ದರೂ ಅಲ್ಲೊಂದು ಪಂಕ್ತಿಯೇ ಆಯಿತು.

"ಯಾವ ಹಬ್ಬವ್ವಾ ನಿಮ್ದು ಇವತ್ತ?" ಎಂದು ಚಂದವ್ವ ತಿನ್ನುತ್ತ ಕೇಳಿದಳು.

"ಯೇಸುಸ್ವಾಮಿ ಹುಟ್ಟಿದ ದಿನಾರಿ ಆಯಿ" ಎಂದಳು ಕರುಣಾ.

"ಕೂಸು ಹುಟ್ಟಿದ ಹಬ್ಬ ಅನ್ನು. ಎಲ್ಲಿ ಹುಟ್ಟಿತ್ತು?"

"ದನದ ಕೊಟ್ಟಿಗಿಯೊಳಗ. ಅವರು ದೂರದ ಊರಿಗಿ ಹೊಂಟಿದ್ರು. ಇರಾಕ ಜಾಗಾ ಸಿಗಲಿಲ್ಲ."

"ಪಾಪ, ಹಸಿ ಬಾಣಂತಿ" ಎಂದಳು ಚಂದವ್ವ, ನಿನ್ನೆ ಮೊನ್ನೆ ಪಕ್ಕದೂರಿನಲ್ಲಿ ಆದ ಸಂಗತಿ ಎಂಬಂತೆ. "ತೊಟ್ಟಿಲಾ ಯಾರು ತೂಗಿದ್ರು? ಪದಾ ಯಾರು ಹಾಡಿದ್ರು?"

ಕರುಣಾ ಚರ್ಚಿನಲ್ಲಿ ಕಲಿತ ಹಬ್ಬದ ಹಾಡೊಂದನ್ನು ಹಾಡಿ ತೋರಿಸಿದಳು. ಅವಳದು ಇಂಪಾದ ದನಿ. ಚಂದವ್ವ ಪೂರ್ತಿ ಕೇಳಿದಳು.

"ಚಂದ ಐತಿ. ಆದ್ರ ಇದು ದೊಡ್ಡ ಮಂದಿ ಹಾಡೋ ಪದಾ. ಕೂಸಿಗಿ ನಿದ್ದಿ ಬರಬೇಕಲ್ಲ."

ಹಾಗೆಂದವಳೇ ಕೈಯಲ್ಲಿದ್ದ ಕಡಲೆಗಿಡ ಕೆಳಗಿಟ್ಟು, ಕಣ್ಣು ಮುಚ್ಚಿ ತೊಟ್ಟಿಲ ಪದ ತೆಗೆದಳು. ಅವರ ಊರಿನಲ್ಲಿ ಕೂಸಿಗೆ ಹೆಸರಿಡುವ ದಿನ ಹಾಡುವ ಪದವಂತೆ. ಕೂಸಿನ ಹೆಸರು ಬರುವಲ್ಲಿ ಒಂದು ಗಳಿಗೆ ತಡೆದು, "ಯೇಸಪ್ಪ" ಎಂದು ಸೇರಿಸಿಕೊಂಡು ಮುಂದೆ ಹೋದಳು. ಜೊತೆಗಿದ್ದ ಇಬ್ಬರು ಹೆಂಗಸರು ಸೊಲ್ಲು ಹಿಡಿದರು. ಸೋಮನಿಂಗ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತ. ಹೊಸ ಟೈರು ಬಿಗಿಯುತ್ತಿದ್ದ ಹನೀಫ ಮತ್ತು ದೇವಪುತ್ರ ಕೆಲಸ ನಿಲ್ಲಿಸಿದರು.

ಸುವರ್ಣಾ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ಕೇಳುತ್ತ ಕುಳಿತಳು. ನಲವತ್ತು ವರ್ಷ ಹತ್ತಿರ ಬಂತು, ಎಷ್ಟೋ ಕ್ರಿಸ್ಮಸ್ ನೋಡಿದ್ದಳು. ದೊಡ್ಡ ದೊಡ್ಡ ಗಾಯನ ತಂಡಗಳು, ಹಾರ್ಮೋನಿಯಂ, ತಬಲಾ ಎಲ್ಲ ಕೇಳಿದ್ದಳು. ಆದರೆ ಹಬ್ಬದ ಕೂಸು ಒಂದು ನಿಜವಾದ ಕೂಸು, ಅದಕ್ಕೆ ನಿದ್ದೆ ಬರಬೇಕು ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅವ್ವ ಇದ್ದಿದ್ದರೆ ಈ ಮುದುಕಿಯನ್ನು ಕಂಪೌಂಡಿಗೆ ಕರೆದೊಯ್ದು ಎಂಟು ದಿನ ಇಟ್ಟುಕೊಳ್ಳುತ್ತಿದ್ದಳು ಎಂದುಕೊಂಡಳು. ಅವ್ವ ಸತ್ತ ಮೇಲೆ ಅವಳನ್ನು ನೆನೆದು ಅಳು ಬಾರದೇ ಇದ್ದದ್ದು ಅದೇ ಮೊದಲು.

ಬಾಗೇವಾಡಿಯಲ್ಲಿ ಇಳಿಯುವಾಗ ಚಂದವ್ವ ಕರುಣಾಳ ಗಲ್ಲ ಹಿಡಿದು, "ಮುಂದಿನ ವರ್ಷ ಉಪ್ಪು ಕಡಿಮಿ ಹಾಕಂತ ನಿಮ್ಮವ್ವಗ ಹೇಳು" ಎಂದು ಹೋದಳು. ಮುದ್ದೇಬಿಹಾಳ ಮುಟ್ಟಿದಾಗ ಎರಡು ತಾಸು ತಡ. ನಿಂತಲ್ಲೇ ಚಹಾ ಕುಡಿದು ತಿರುಗಿ ಹೊರಟರು. ಇಂಡಿಗೆ ಬಂದಾಗ ದೀಪ ಹತ್ತಿದ್ದವು. ಮನೆಯ ಪ್ರಾರ್ಥನೆಯಲ್ಲಿ ಒಬ್ಬೊಬ್ಬರು ಒಂದೊಂದಕ್ಕೆ ದೇವರಿಗೆ ಸ್ತೋತ್ರ ಹೇಳುವ ರೂಢಿ. ದಾವೀದ ಕಣ್ಣು ಮುಚ್ಚಿಕೊಂಡು, "ಟೈರ್ ಒಡೆದಿದ್ದಕ್ಕ ಸ್ತೋತ್ರ" ಎಂದ. ದೇವಪುತ್ರನಿಗೆ ನಗು ತಡೆಯಲಾಗಲಿಲ್ಲ. ಸುವರ್ಣಾ ಮಾತ್ರ ಮನಸ್ಸಿನಿಂದ "ಆಮೆನ್" ಅಂದಳು.

ಅಲ್ಲಿಂದ ಅದು ರೂಢಿಯಾಯಿತು. ಎರಡನೆಯ ವರ್ಷ ಹನೀಫನ ಹೆಂಡತಿ ಮೆಹರುನ್ನಿಸಾ ಒಂದು ಡಬ್ಬಿ ಶಿರಕುರ್ಮಾ ಕಳಿಸಿದಳು. ತಟ್ಟೆ ಹಿಡಿದು ಹೋಗುವ ಮುಂಚೆ, ಇದು ನಮ್ಮ ಮನೆಯ ಹಬ್ಬ, ಬೇಕಾದವರು ತಗೊಳ್ಳಿರಿ ಎಂದು ಕರುಣಾ ಮೊದಲೇ ಹೇಳಿಬಿಡುವುದನ್ನು ಕಲಿತಳು. ಬಾಗೇವಾಡಿಯ ದಾರಿಯಲ್ಲಿ ಅಕ್ಕ ತಮ್ಮ ಕೂಡಿ ತೊಟ್ಟಿಲ ಪದ ಹಾಡುವರು. ಮರೆತ ಸಾಲುಗಳನ್ನು ಬಸ್ಸಿನ ಹೆಂಗಸರೇ ತುಂಬಿಕೊಡುವರು. ಒಂದೊಂದು ಊರಿನವರದು ಒಂದೊಂದು ಸಾಲು. ಈಗ ಆ ಪದ ಚಂದವ್ವ ಹಾಡಿದ್ದಕ್ಕಿಂತ ಎರಡು ಪಾಲು ಉದ್ದವಾಗಿದೆ.

ಎರಡು ಸಾವಿರದ ಇಪ್ಪತ್ತೈದರ ಡಿಸೆಂಬರಿನಲ್ಲಿ ಡಿಪೋಕ್ಕೆ ಹೊಸ ಅಧಿಕಾರಿ ಬಂದಿದ್ದರು. ದೇವಪುತ್ರ ರೂಢಿಯಂತೆ ಕೊಟ್ಟ ಅರ್ಜಿಗೆ ಅವರು ಮರುಮಾತಿಲ್ಲದೆ ಸಹಿ ಹಾಕಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕ್ರಿಸ್ಮಸ್ಸಿಗೆ ರಜೆ. ಅವನು ದಾರಿಯಲ್ಲಿ ಕೇಕು ಕಟ್ಟಿಸಿಕೊಂಡು ಓಡೋಡಿ ಮನೆಗೆ ಬಂದ. ಬಾಗಿಲಲ್ಲೇ ನಿಂತು ಮಕ್ಕಳಿಗೆ ಸುದ್ದಿ ಹೇಳಿದ.

"ಹಂಗಾದ್ರ ಬಸ್ಸಿಗಿ ಯಾರು ಹೋಗ್ತಾರ?" ಎಂದ ದಾವೀದ.

ದೇವಪುತ್ರನ ಮುಖ ಬಾಡಿತು. "ಇಷ್ಟ ವರ್ಷ ರಜಾ ಇಲ್ಲಂತ ಅಳತಿದ್ರಿ, ಈಗ ರಜಾ ಸಿಕ್ರೂ ಅಳತೀರಿ" ಎಂದು ಕೇಕನ್ನು ಮೂಲೆಗಿಟ್ಟ.

ಸುವರ್ಣಾ ಒಲೆಯ ಮುಂದಿನಿಂದ ಎದ್ದು ಬಂದು ಅವನ ಪಕ್ಕ ಕುಳಿತಳು. ಅವಳಿಗೆ ಅಂದು ಒಂದು ಭಾರ ಇಳಿದಂತಿತ್ತು. ಮಕ್ಕಳಿಗೆ ಹಬ್ಬವೆಂದರೇನು ಎಂದು ತನ್ನಿಂದ ತೋರಿಸಿಕೊಡಲಾಗಲಿಲ್ಲ ಎಂಬ ಕೊರಗು ಅವಳೊಳಗೆ ನಾಲ್ಕು ವರ್ಷದಿಂದ ಕುಳಿತಿತ್ತು. ಈಗ ಮಕ್ಕಳು ಬಿಟ್ಟುಕೊಡಲು ಒಲ್ಲೆನ್ನುವಂಥದ್ದು ಒಂದು ಅವರ ಕೈಯಲ್ಲಿತ್ತು.

"ಸಿಟ್ಟಾಗಬ್ಯಾಡ್ರಿ" ಎಂದಳು. "ರಜಾ ಹಾಕ್ರಿ, ಬಸ್ಸಿಗೂ ಹೋಗೂಣು. ಈ ವರ್ಷ ನೀವೂ ಪ್ಯಾಸೆಂಜರ್ ಆಗ್ರಿ."

ಹಾಗೆ ಆ ಕ್ರಿಸ್ಮಸ್ಸಿನಲ್ಲಿ ನಾಲ್ವರೂ ಇಬ್ಬಿಬ್ಬರಾಗಿ ಎರಡು ಸೀಟಿನಲ್ಲಿ ಕುಳಿತು ಹೊರಟರು. ಡ್ರೈವರ್ ಹನೀಫನೇ. ದೇವಪುತ್ರನ ಬದಲಿಗೆ ಬಂದ ಕಂಡಕ್ಟರ್ ಜಾಹಿದ ಎಂಬ ಹೊಸ ಹುಡುಗ. ತನ್ನ ಹಿರಿಯನ ಮುಂದೆ ಸೀಟಿ ಊದಲು ಸಂಕೋಚ ಪಡುತ್ತಿದ್ದ. ದೇವಪುತ್ರನನ್ನು ಸುವರ್ಣಾ ಕಿಟಕಿಯ ಕಡೆ ಕೂರಿಸಿದಳು. ಸಿಂದಗಿಯವರೆಗೆ ಅವನು ಪ್ರತಿ ಸ್ಟಾಪಿಗೂ ಎದ್ದು ನಿಂತ. ಸಿಂದಗಿ ದಾಟಿದ ಮೇಲೆ ಕೈಕಟ್ಟಿ ಹೊರಗೆ ನೋಡತೊಡಗಿದ. ಬಿಳಿಜೋಳ ತೆನೆ ಕಟ್ಟಿತ್ತು, ಕುಸುಬಿಯ ಸಾಲುಗಳ ಮೇಲೆ ಬಿಸಿಲು ಬಿದ್ದಿತ್ತು, ದೂರದಲ್ಲಿ ಯಾರೋ ತೊಗರಿ ರಾಶಿ ಮಾಡುತ್ತಿದ್ದರು.

"ಸುವರ್ಣಾ" ಎಂದ. "ಇಷ್ಟ ವರ್ಷ ಈ ದಾರಿ ಮ್ಯಾಲ ತಿರುಗೇನಿ. ಈ ಹೊಲಾ ನಾ ನೋಡೇ ಇಲ್ಲ ನೋಡು. ಬರೇ ಮಂದಿ ಕೈ ನೋಡೇನಿ."

"ಈಗ ನೋಡ್ರಿ" ಎಂದಳು ಅವಳು.

ಬಾಗೇವಾಡಿ ಹತ್ತಿರ ಬರುವಾಗ ಹಿಂದಿನ ಸೀಟಿನಲ್ಲಿ ಕರುಣಾ ಪದ ಎತ್ತಿಕೊಂಡಳು. ಜಾಹಿದ ಟಿಕೆಟ್ ಕೊಡುವುದನ್ನು ಬಿಟ್ಟು ಕೇಳುತ್ತ ನಿಂತ. ಸುವರ್ಣಾ ಗಂಡನ ಕಡೆ ತಿರುಗಿ ನೋಡಿದರೆ ಅವನು ಗಾಜಿಗೆ ತಲೆ ಒರಗಿಸಿ ಗಾಢವಾಗಿ ನಿದ್ದೆ ಹೋಗಿದ್ದ. ಅವಳು ಅವನನ್ನು ನಿಡಗುಂದಿಯಲ್ಲೂ ಎಬ್ಬಿಸಲಿಲ್ಲ. ಬಿಸಿಲು ಅವನ ಮುಖಕ್ಕೆ ಬಾರದಂತೆ ಸೆರಗನ್ನು ಕಿಟಕಿಗೆ ಅಡ್ಡ ಹಿಡಿದು ಮುದ್ದೇಬಿಹಾಳದವರೆಗೆ ಕುಳಿತಳು.