ಎಣಿಸದೆ ಬರೆದ ಉಸಿರು

ಮದಲೂರಿನ ಕೆರೆ ಏರಿಯ ಮೇಲೆ ಎರಡು ಸಲ ಸುತ್ತಿದರೂ ಮನೆ ಸಿಗದೆ, ಮೇಕೆ ಮೇಯಿಸುತ್ತಿದ್ದ ಹೆಂಗಸನ್ನು ಕೇಳಿದೆ: "ಹೋದ ತಿಂಗಳು ತೀರಿಕೊಂಡ ಗಂಗಮ್ಮನವರ ಮನೆ ಯಾವುದಮ್ಮ?"

"ನಾನೇ ಅವರ ಸೊಸೆ. ನೀವು ಆಸ್ಪತ್ರೆ ಸಿಸ್ಟರಲ್ವಾ?"

ಮಸ್ಕತ್ತಿನಿಂದ ಪಾವಗಡದವರೆಗೆ ಎಷ್ಟೋ ವಾರ್ಡುಗಳಲ್ಲಿ ದುಡಿದಿದ್ದೇನೆ. ಎಲ್ಲ ಕಡೆಯೂ ಇದೊಂದು ಕಳ್ಳಾಟ ಇದ್ದೇ ಇದೆ. ಬಿಪಿ, ಜ್ವರ, ನಾಡಿಯನ್ನು ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ನಾವೇ ರೋಗಿಯ ಎದೆ ನೋಡುತ್ತ ಪೂರಾ ಒಂದು ನಿಮಿಷ ಎಣಿಸಬೇಕು. ಆ ನಿಮಿಷ ಉಳಿಸಲು ಎಲ್ಲರ ಚಾರ್ಟಿನಲ್ಲೂ ಹದಿನೆಂಟು ಎಂದು ಬರೆದುಬಿಡುತ್ತೇವೆ. ಆರೋಗ್ಯವಂತರ ಉಸಿರಿನ ಲೆಕ್ಕ, ಯಾರೂ ಪ್ರಶ್ನೆ ಮಾಡದ ಸಂಖ್ಯೆ ಅದು.

"ಅತ್ತೆ ಬಾಳ ಜೋರಾಗಿ ಉಸ್ರು ಎಳೀತಾವ್ರೆ, ವಸಿ ನೋಡಿ" ಎಂದು ಗಂಗಮ್ಮ ನಮ್ಮ ವಾರ್ಡಿನಲ್ಲಿದ್ದ ದಿನ ಈ ಸೊಸೆ ಎರಡು ಸಲ ಬಂದು ಕೇಳಿದ್ದಳು. "ಜ್ವರಕ್ಕೆ ಹಾಗಾಗುತ್ತೆ, ಹೋಗಮ್ಮ" ಎಂದು ಹದಿನೆಂಟು ಬರೆದೆ. ಡಾಕ್ಟರು ಚಾರ್ಟು ನೋಡಿ ಮುಂದಿನ ಮಂಚಕ್ಕೆ ಹೋದರು. ಸಂಜೆಗೆ ಗಂಗಮ್ಮ ತೀರಿಕೊಂಡರು.

"ನಾನು ಎಣಿಸಿರಲಿಲ್ಲಮ್ಮ" ಎಂದೆ.

"ನಂಗೊತ್ತು. ನನ್ ಗಂಡನ್ ಮುಂದೆ ಹೇಳ್ತೀರಾ? 'ನೀನು ಬಾಯಿ ಮುಚ್ಕೊಂಡು ಕೂತಿದ್ದಕ್ಕೇ ನಮ್ಮವ್ವ ಸತ್ಲು' ಅಂತ ನನ್ನ ದಿನಾ ಬೈತಾವ್ನೆ."

ಅವಳ ಹಿಂದೆ ಮನೆಗೆ ಹೋಗಿ, ಜಗಲಿಯಲ್ಲಿ ಕೂತಿದ್ದ ಗಂಡನಿಗೆ ಎಲ್ಲ ಹೇಳಿದೆ. ಹೆಂಡತಿ ಎರಡು ಸಲ ಬೇಡಿಕೊಂಡದ್ದನ್ನೂ ಹೇಳಿದೆ, ನಾನು ಸುಳ್ಳು ಬರೆದದ್ದನ್ನೂ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದೆ.

ಆತ ಎದ್ದು ಕುರ್ಚಿ ಸರಿಸಿಕೊಟ್ಟ. "ಓಗ್ಲಿ ಬುಡಿ ಮೇಡಂ, ನಿಮ್ಗೂ ಕೆಲ್ಸ ಜಾಸ್ತಿ ಇರ್ತೈತೆ. ಲೇ, ಮೇಡಮ್ನೋರ್ಗೆ ಕಾಫಿ ಮಾಡೇ."

ಒಂದು ತಿಂಗಳ ಬೈಗುಳದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಲೋಟ ಕಾಫಿ. ಅದನ್ನೂ ಮಾಡಿ ತಂದವಳು ಅವಳೇ.